ಮೂರು ಊರಿನ ಕೊಳೆ

ನಮ್ಮ ಕಾರಿನ ಬಣ್ಣ ಬಿಳಿ ಎಂದು ಆರ್‌ಸಿಯಲ್ಲಿದೆ. ಕಣ್ಣಿಗೆ ಕಂಡದ್ದು ಅಪರೂಪ. ನಾನಿರುವುದು ಕಡೂರು, ಹೆಂಡತಿಯ ತವರು ತರೀಕೆರೆ, ಮಗಳನ್ನು ಕೊಟ್ಟದ್ದು ಅಜ್ಜಂಪುರ. ಮೂರೂ ಊರಿನ ಕೊಳೆ ಸರದಿಯ ಮೇಲೆ ಬಂದು ಕೂರುತ್ತದೆ. ಕಡೂರಿನದು ಧೂಳು. ಜಿಲ್ಲೆಗೆ ಮಲೆನಾಡಿನ ಹೆಸರಿದ್ದರೂ ಮಳೆ ಗಿರಿಸಾಲಿನ ಆಚೆಗೇ ಸುರಿದು ಖಾಲಿಯಾಗುತ್ತದೆ, ನಮ್ಮ ಪಾಲಿಗೆ ಗಾಳಿ. ಅಜ್ಜಂಪುರದ ಕಡೆ ಎರೆಮಣ್ಣು. ಒಂದು ಹದ ಮಳೆ ಬಿದ್ದರೆ ಚಕ್ರದ ಮೇಲೆಲ್ಲ ಬೆರಣಿ ತಟ್ಟಿದ ಹಾಗೆ. ತರೀಕೆರೆಯದು ಅಡಿಕೆ ಚೊಗರು. ಸುಲಿಯುವ ಕಾಲದಲ್ಲಿ ಭಾವಮೈದ ಆ ಕೈಯಲ್ಲೇ ಬಾಗಿಲು ತೆಗೆದು ‘ಇಳೀರಿ ಭಾವ’ ಅನ್ನುತ್ತಾನೆ. ಮರ್ಯಾದೆಯ ಐದು ಬೆರಳೂ ಬಾಗಿಲ ಮೇಲೆ ಮೂಡುತ್ತವೆ.

ಮೊದಲೆಲ್ಲ ದಿನಾ ಬೆಳಗ್ಗೆ ಹಳೇ ಬನಿಯನ್ನಿನಲ್ಲಿ ಒಣ ಧೂಳು ಒರೆಸುತ್ತಿದ್ದೆ. ಹಾಲಿನವನೂ ನಿಂತು ಮೆಚ್ಚುತ್ತಿದ್ದ. ಧೂಳೆಂದರೆ ಪುಡಿಯಾದ ಬೆಣಚುಕಲ್ಲು, ನಾನು ಹಾಕುತ್ತಿದ್ದದ್ದು ಉಪ್ಪುಕಾಗದ ಎಂದು ತಿಳಿದಾಗ ಬಾನೆಟ್ಟಿನ ತುಂಬ ಜೇಡರಬಲೆಯಂಥ ಗೀರು. ಬಣ್ಣದ ಮೇಲಿನ ಪಾರದರ್ಶಕ ಪದರವಿರುವುದೇ 40–50 ಮೈಕ್ರಾನ್, ತಲೆಗೂದಲಿಗಿಂತ ತೆಳುವು. ಪಾಲಿಶ್ ಅದನ್ನೇ ಇಷ್ಟಿಷ್ಟು ಸವೆಸಿ ಗೀರು ಮರೆಸುತ್ತದೆ. ಮೇಣ ಅದರ ಮೇಲೊಂದು ಹೊದಿಕೆ. ಎರಡೂ ಒಂದೇ ಎಂದುಕೊಂಡು ವಾರವಾರ ಪಾಲಿಶ್ ತಿಕ್ಕುವ ಪುಣ್ಯಾತ್ಮರಿದ್ದಾರೆ.

ಈಗ ಭಾನುವಾರ ನೆರಳಲ್ಲಿ ನಿಲ್ಲಿಸಿ, ಮೊದಲು ಬರೀ ನೀರು ಹೊಯ್ದು ಮಣ್ಣು ಇಳಿಸುತ್ತೇನೆ. ಆಮೇಲೆ ಎರಡು ಬಕೆಟ್: ಒಂದರಲ್ಲಿ ಶಾಂಪೂ ನೀರು, ಇನ್ನೊಂದು ಬಟ್ಟೆ ಜಾಲಿಸಲು. ನೆತ್ತಿಯಿಂದ ಕೆಳಕ್ಕೆ. ಪಾತ್ರೆ ಸೋಪು ಮುಟ್ಟಿಸುವುದಿಲ್ಲ, ಜಿಡ್ಡಿನ ಜೊತೆ ಮೇಣವನ್ನೂ ಎಬ್ಬಿಸುತ್ತದೆ. ನಮ್ಮಜ್ಜ ಎತ್ತುಗಳನ್ನು ಕೆರೆಗಿಳಿಸಿ ತೆಂಗಿನ ನಾರಿನಲ್ಲಿ ಉಜ್ಜಿ, ಕೊಂಬಿಗೆ ಎಣ್ಣೆ ಸವರುತ್ತಿದ್ದರು. ಅಜ್ಜಂಪುರದ ಅಮೃತಮಹಲ್ ತಳಿ ಕೇಂದ್ರದ ಮುಂದೆ ಹೋಗುವಾಗಲೆಲ್ಲ ನೆನಪಾಗುತ್ತದೆ. ಚಿಕ್ಕದೇವರಾಜ ಒಡೆಯರ ದನದ ಹಿಂಡಾದ ‘ಬೆಣ್ಣೆ ಚಾವಡಿ’ಗೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟನಂತೆ. ಎತ್ತು ನೋವಾದರೆ ಒದೆಯುತ್ತದೆ. ಕಾರಿಗೆ ಆ ವಿದ್ಯೆ ಬಾರದು.

ಮೇಣದ ಡಬ್ಬಿಯ ಮೇಲೆ ‘ಕಾರ್ನೌಬಾ’ ಎಂದಿತ್ತು. ಬ್ರೆಜಿಲ್‌ನ ಈಶಾನ್ಯದ ಒಣನಾಡಿನ ತಾಳೆಜಾತಿಯ ಮರವಂತೆ. ನೀರು ಆರದಿರಲೆಂದು ಗರಿಗೆ ತಾನೇ ಮೇಣ ಹಚ್ಚಿಕೊಳ್ಳುತ್ತದೆ. ಅದು ಕರಗಲು 80 ಡಿಗ್ರಿಗೂ ಮೇಲೆ ಶಾಖ ಬೇಕು. ನಮ್ಮ ಕಡೂರಿನ ತೆಂಗಿಗೆ ಈ ಬುದ್ಧಿ ಇದ್ದಿದ್ದರೆ! ಬೆರಳಗಲ ಮೇಣ ತೆಗೆದು ಬಾಗಿಲಿಗೊಮ್ಮೆ ತೆಳ್ಳಗೆ ಸವರಬೇಕು. ಮಂಜು ಕವಿದಂತಾದ ಮೇಲೆ ಮೆತ್ತನೆ ಬಟ್ಟೆಯಲ್ಲಿ ಉಜ್ಜಬೇಕು. ದಪ್ಪಗೆ ಬಳಿದವನ ರಟ್ಟೆ ಬೀಳುತ್ತದೆ, ಹೊಳಪೇನೂ ಹೆಚ್ಚುವುದಿಲ್ಲ.

ರಟ್ಟೆ ನೋವಿನಲ್ಲೇ ಒಮ್ಮೆ ತರೀಕೆರೆ ಹತ್ತಿರದ ಅಮೃತಾಪುರಕ್ಕೆ ಹೋಗಿದ್ದೆ. 1196ರ ಅಮೃತೇಶ್ವರ ಗುಡಿ. ತಿರುಗಣಿಯಲ್ಲಿ ಕಡೆದ ಕಂಬಗಳು ಇವತ್ತಿಗೂ ಮಿರಮಿರ. ಮುಖ ನೋಡಿಕೊಂಡೆ. ನನ್ನ ಮೇಣ ಮೂರು ತಿಂಗಳು ಬಾಳಿದರೆ ಹೆಚ್ಚು ಎಂದು ಹೆಂಡತಿಗೆ ಹೇಳಿದೆ. ‘ಅವರು ಮನೆಕೆಲಸ ಬಿಟ್ಟು ಉಜ್ಜಿರಲಿಲ್ಲ’ ಅಂದಳು.

ಕಳೆದ ಆಯುಧಪೂಜೆಯ ಹಿಂದಿನ ದಿನ ಇಡೀ ಮೇಣ ಹಚ್ಚಿದ್ದೆ. ಬೆಳಗ್ಗೆ ಅವಳು ಬಾನೆಟ್ಟಿಗೆ ಮೂರೆಳೆ ವಿಭೂತಿ ಎಳೆದು, ನಡುವೆ ಒದ್ದೆ ಕುಂಕುಮವನ್ನು ರೂಪಾಯಿಯಗಲ ಒತ್ತಿದಳು. ಮೇಣದ ಮೇಲೆ ಕುಂಕುಮ ನಿಲ್ಲದೆ ಜಾರಿತು. ‘ಇದೇನ್ರೀ, ದೇವರ ಕುಂಕುಮಾನೇ ಹಿಡಿಯಲ್ಲ?’ ಎಂದವಳೇ, ಸೆರಗಿನ ತುದಿಯಿಂದ ಗಸಗಸ ಉಜ್ಜಿ ಎರಡನೇ ಸಲ ಒತ್ತಿದಳು.