ಒಳಲೆಯ ಅಳತೆ

ಅವ್ವ ಧಾರವಾಡದಿಂದ ಪುಣೆಗೆ ಬರುವಾಗಲೆಲ್ಲ ಅವಳ ಗಂಟಿನಲ್ಲಿ ಪೇಢೆಯ ಜೊತೆಗೆ ಬೆಳ್ಳಿಯ ಒಳಲೆಯೊಂದು ಇರುತ್ತದೆ. ನನಗೂ ಅಣ್ಣನಿಗೂ ಅದರಲ್ಲಿಯೇ ಬಜೆ ತೇಯ್ದು ಕುಡಿಸಿದ್ದಳಂತೆ. "ಜ್ವರ ಬಂದ್ರ ಒಂದು ಒಳಲೆ ಔಷಧ, ಅಷ್ಟ" ಎಂಬುದು ಅವಳ ಲೆಕ್ಕ. ಅದನ್ನು ಕೇಳಿ ನಾನು ನಗುತ್ತಿದ್ದೆ. ಬ್ಯಾಂಕಿನಲ್ಲಿ ಪೈಸೆ ಪೈಸೆಗೂ ತಾಳೆ ನೋಡುವವಳು ನಾನು. ಅಳತೆ ತಪ್ಪುವುದಾದರೆ ಅವಳಿಂದಲೇ ಎಂದು ನಂಬಿದ್ದೆ.

ಕಳೆದ ಮಳೆಗಾಲದ ಒಂದು ರಾತ್ರಿ ಹದಿನಾಲ್ಕು ತಿಂಗಳ ಮಗನಿಗೆ 102 ಡಿಗ್ರಿ ಜ್ವರ. ಮನೆಯಲ್ಲಿದ್ದ ಸೀಸೆ ಬರಿದಾಗಿತ್ತು. ಪತಿ ಕೆಳಗಿನ ಔಷಧದ ಅಂಗಡಿಯಿಂದ ಹೊಸದೊಂದನ್ನು ತಂದರು. ಅದೂ ಪ್ಯಾರಾಸಿಟಮಾಲ್ ಸಿರಪ್ಪೇ. ಆರು ತಿಂಗಳ ಹಿಂದೆ ವೈದ್ಯರು ಬರೆದುಕೊಟ್ಟಿದ್ದ '5 ಮಿ.ಲೀ.' ನನಗೆ ಬಾಯಿಪಾಠವಾಗಿತ್ತು. ಅಷ್ಟನ್ನೇ ಅಳೆದು ಮಗುವಿನ ಬಾಯಿಯ ಬಳಿ ಒಯ್ದಾಗ ಅವ್ವ ನನ್ನ ಕೈ ಹಿಡಿದಳು.

"ತಡಿಯವ್ವಾ, ಮೊದಲಿನ ಔಷಧದ ಬಣ್ಣ ಬ್ಯಾರೆ ಇತ್ತು. ಇದು ಅದ ಹೌದೋ ಅಲ್ಲೋ ನೋಡು."

ಅವಳಿಗೆ ಇಂಗ್ಲಿಷ್ ಬಾರದು. ಓದಬಲ್ಲ ನಾನು ಓದಿರಲಿಲ್ಲ. ಎರಡೂ ಸೀಸೆಗಳನ್ನು ದೀಪದಡಿ ಹಿಡಿದೆ. ಹಳೆಯದರ 5 ಮಿ.ಲೀ.ನಲ್ಲಿ ಇದ್ದದ್ದು 120 ಮಿ.ಗ್ರಾಂ ಔಷಧ, ಹೊಸದರಲ್ಲಿ 250.

ಫೋನಿನಲ್ಲಿ ವೈದ್ಯರು ಬೈಯಲಿಲ್ಲ, ಲೆಕ್ಕ ಹೇಳಿಕೊಟ್ಟರು. ಮಕ್ಕಳ ಪ್ರಮಾಣ ನಿಲ್ಲುವುದು ವಯಸ್ಸಿನ ಮೇಲಲ್ಲ, ಚಮಚದ ಮೇಲೂ ಅಲ್ಲ, ತೂಕದ ಮೇಲೆ. ಈ ಔಷಧವಾದರೆ ಒಂದು ಸಲಕ್ಕೆ ಕಿಲೋ ತೂಕಕ್ಕೆ 10ರಿಂದ 15 ಮಿ.ಗ್ರಾಂ. ಅಂದು ಮಗು ಎಂಟು ಕಿಲೋ ಇತ್ತು, 120 ಮಿ.ಗ್ರಾಂ ಸರಿಹೊಂದಿತ್ತು. ಈಗ ಹತ್ತು ಕಿಲೋ. ಹೆಚ್ಚೆಂದರೆ 150 ಮಿ.ಗ್ರಾಂ. ಹೊಸ ಸೀಸೆಯಲ್ಲಿ ಅದು ಕೇವಲ 3 ಮಿ.ಲೀ. ನಾನು ಕೊಡಹೊರಟಿದ್ದು 250. ಒಂದು ಸಲಕ್ಕೆ ಅನಾಹುತವಾಗದಿರಬಹುದು. ಆದರೆ ಆರು ಗಂಟೆಗೊಮ್ಮೆ ಅದನ್ನೇ ಕೊಡುತ್ತ ಹೋಗಿದ್ದರೆ ದಿನಕ್ಕೆ ಸಾವಿರ ಮಿ.ಗ್ರಾಂ, ಎರಡು ಮೂರು ದಿನ ಹೀಗೆಯೇ ನಡೆದರೆ ಅದರ ಭಾರವನ್ನು ಹೊರುವುದು ಆ ಪುಟ್ಟ ಯಕೃತ್ತು. ಕೆಲವು ನೆಗಡಿಯ ಸಿರಪ್ಪುಗಳಲ್ಲಿಯೂ ಇದೇ ಔಷಧ ಅಡಗಿರುತ್ತದೆಂದೂ ಅವರು ಎಚ್ಚರಿಸಿದರು.

ನಾನು ನೆನಪಿಟ್ಟದ್ದು ದ್ರವದ ಅಳತೆಯನ್ನು, ಔಷಧದ ಅಳತೆಯನ್ನಲ್ಲ. ಅವ್ವನ ಒಳಲೆಗೂ ನನ್ನ '5 ಮಿ.ಲೀ.'ಗೂ ಏನು ವ್ಯತ್ಯಾಸ?

ಊರಿನಿಂದ ಬಂದ ತಾಯಂದಿರ ಮಡಿಲಲ್ಲಿ ಮಕ್ಕಳನ್ನು ಬಿಟ್ಟು ಕಚೇರಿಗೆ ಹೋಗುವವರು ನಾವು. 'ಇಷ್ಟು ಹಾಕು' ಎಂದು ಫೋನಿನಲ್ಲಿ ಹೇಳಿಬಿಡುತ್ತೇವೆ. ಯಾವ ಸೀಸೆ ಎಂದು ಹೇಳುವುದಿಲ್ಲ. ಈಗ ನಮ್ಮ ಫ್ರಿಜ್ಜಿನ ಬಾಗಿಲಿಗೆ ಕನ್ನಡದ ಚೀಟಿಯೊಂದು ಅಂಟಿದೆ: ಮಗುವಿನ ತೂಕ, ಸೀಸೆಯ ಮೇಲಿನ ಅಂಕಿ, ಕೊಡಬೇಕಾದ ಮಿ.ಲೀ., ಕೊಟ್ಟ ಹೊತ್ತು. ತೂಕ ಬದಲಾದಾಗ ವೈದ್ಯರನ್ನು ಕೇಳಿ ಚೀಟಿಯನ್ನೂ ಬದಲಿಸುತ್ತೇನೆ. ಅಳೆಯಲು ಸೂಜಿಯಿಲ್ಲದ ಸಿರಿಂಜ್ ಇದೆ.

ಒಳಲೆಯೂ ಇದೆ. ಔಷಧ ಕುಡಿದ ಮೇಲೆ ಅವ್ವ ಅದರಲ್ಲಿ ಮೊಮ್ಮಗನಿಗೆ ನೀರು ಕುಡಿಸುತ್ತಾಳೆ. ಅದಕ್ಕೂ ಮೊದಲು, ಪ್ರತಿ ಸಲವೂ, ಸೀಸೆಯನ್ನು ನನ್ನ ಮುಂದೆ ಹಿಡಿದು ಕೇಳುತ್ತಾಳೆ: "ಓದಿದೇನವಾ?"