ಚಹಾದ ದುಡ್ಡು

ಮೂವತ್ತೆಂಟು ತುಂಬುವವರೆಗೆ ನಾನು ವಿಮಾನವನ್ನು ಆಕಾಶದಲ್ಲಲ್ಲದೆ ಬೇರೆಲ್ಲೂ ಕಂಡವನಲ್ಲ. ಕನ್ನಡದ ಮೇಷ್ಟರಿಗೆ ಪಾಸ್‌ಪೋರ್ಟು ಏತಕ್ಕೆ? ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಈ ಐದು ಊರುಗಳ ನಡುವೆಯೇ ನನ್ನ ನೌಕರಿ, ಬಾಡಿಗೆ ಮನೆಗಳು, ಬಂಧುಬಳಗ ಎಲ್ಲವೂ ಹಂಚಿಹೋಗಿವೆ. ಇವುಗಳಲ್ಲಿ ನಾಲ್ಕಕ್ಕೆ ರೈಲುಂಟು, ಚಿಂಚೋಳಿಗೆ ಬಸ್ಸೇ ಗತಿ. ನನ್ನ ಲೋಕಸಂಚಾರ ಅಷ್ಟಕ್ಕೇ ಮುಗಿಯಬೇಕಾಗಿತ್ತು. ಆದರೆ ವಾಡಿಯ ಸಿಮೆಂಟಿನ ಧೂಳಿನಲ್ಲಿ ಬೆಳೆದ ನನ್ನ ತಂಗಿಯ ಗಂಡ ಪೂರ್ವ ಆಫ್ರಿಕದ ಒಂದು ಸಿಮೆಂಟು ಕಾರ್ಖಾನೆಗೆ ಕೆಲಸಕ್ಕೆ ಹೋದ. ಸುಣ್ಣದ ಕಲ್ಲಿನ ಮೇಲೆ ಕುಳಿತ ಸೀಮೆ ನಮ್ಮದು. ಇಲ್ಲಿ ಗೂಡಿನ ಕೆಲಸ ಕಲಿತವನಿಗೆ ಗೂಡು ಉರಿಯುವ ಕಡೆಯೆಲ್ಲ ಅನ್ನ ಹುಟ್ಟುತ್ತದೆ. 2017ರ ಬೇಸಿಗೆ ರಜೆಗೆ ಬರಲೇಬೇಕೆಂದು ತಂಗಿ ಹಟ ಹಿಡಿದಳು.

1500 ರೂಪಾಯಿ ಶುಲ್ಕ ಕಟ್ಟಿ, ಕಲಬುರಗಿಗೆ ಹೋಗಿ ಬೆರಳಚ್ಚು ಒತ್ತಿ ಬಂದೆ. ಕೆಲವು ದಿನ ಕಳೆದು ಪರಿಶೀಲನೆಗೆಂದು ಪೊಲೀಸಿನವರೊಬ್ಬರು ಮನೆಗೆ ಬಂದರು. ಯಾವ ಊರಿನ ಠಾಣೆಯೆಂದು ಹೇಳುವುದಿಲ್ಲ. ಐದರಲ್ಲಿ ಒಂದು ಎಂದುಕೊಳ್ಳಿ, ಇಲ್ಲವೆ ಆರನೆಯದು ಎಂದುಕೊಳ್ಳಿ. ಒಳ್ಳೆಯ ಮನುಷ್ಯ. ನನ್ನ ಪುಸ್ತಕಗಳನ್ನು ನೋಡಿ ಸಂತೋಷಪಟ್ಟರು, ಮಗನನ್ನು ಕಾಲೇಜಿಗೆ ಹಾಕುವ ವಿಚಾರ ಮಾತಾಡಿದರು. ಕಾಗದಗಳನ್ನೆಲ್ಲ ನೋಡಿದ ಮೇಲೆ, “ಎಲ್ಲಾ ಬರೋಬರಿ ಅದ ರೀ ಸರ. ಚಹಾಕ್ಕ ಏನರ…” ಎಂದು ಸುಮ್ಮನಾದರು.

ಅವರ ಮುಂದೆ ನನ್ನ ಹೆಂಡತಿ ಕೊಟ್ಟ ಚಹಾದ ಖಾಲಿ ಲೋಟ ಇತ್ತು.

ಈ ಪರಿಶೀಲನೆಗೆ ಬೇರೆ ಶುಲ್ಕವಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ 500 ರೂಪಾಯಿ ಕೊಟ್ಟೆ. ಹೆದರಿಕೆಯಿಂದ ಎಂದರೆ ಪೂರ್ತಿ ನಿಜವಾಗದು. ಅವರೆದುರು ಮುಖ ಕೆಡಿಸಿಕೊಳ್ಳುವ ಸಂಕೋಚ, ವರದಿ ತಡವಾದೀತೆಂಬ ಆತುರ, ಎಲ್ಲರೂ ಕೊಡುತ್ತಾರೆಂಬ ಸಮಾಧಾನ, ಎಲ್ಲ ಸೇರಿ ಕೈಯನ್ನು ಜೇಬಿಗೆ ಇಳಿಸಿದವು. ನಮ್ಮ ಸೀಮೆಯಲ್ಲಿ ಇದಕ್ಕೆ ಮಾಮೂಲು ಎಂಬ ಹೆಸರುಂಟು. ರೂಢಿಯಾದದ್ದು ಎಂಬ ಅರ್ಥದ ಅರಬ್ಬಿ ಮಾತು ಅದು. 1948ರವರೆಗೆ ನಾವು ನಿಜಾಮನ ಪ್ರಜೆಗಳಾಗಿದ್ದೆವು. ದರಬಾರಿಗೆ ಹೋದವರು ದೊರೆಗೆ ನಜರಾನಾ ಒಪ್ಪಿಸಬೇಕಾಗಿದ್ದ ಕಾಲ. ದೊರೆ ಹೋದ, ಪೊಲೀಸ್ ಆ್ಯಕ್ಷನ್ ಆಯಿತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದೆವು. ಮಾತು ಮಾತ್ರ ಉಳಿದುಕೊಂಡಿತು. ಎಲ್ಲದಕ್ಕೂ ನಿಜಾಮನನ್ನೇ ದೂರುವುದು ನಮ್ಮವರಿಗೆ ಅನುಕೂಲವೂ ಹೌದು.

ನನಗೆ ನಾಚಿಕೆ ತಂದದ್ದು ಬೇರೊಂದು ಸಂಗತಿ. ಶಹಾಬಾದದ ಹತ್ತಿರ ಮರತೂರು ಎಂಬ ಹಳ್ಳಿಯುಂಟು. ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನ ಊರು ಎಂದು ಅದಕ್ಕೆ ಹೆಸರು. ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಬರೆದ ಆ ಗ್ರಂಥವನ್ನು ಇಂಗ್ಲಿಷರ ನ್ಯಾಯಾಲಯಗಳೂ ಆಸ್ತಿಯ ವ್ಯಾಜ್ಯಗಳಲ್ಲಿ ಪ್ರಮಾಣವೆಂದು ಹಿಡಿದವು. ಅದು ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನ. ಲಂಚದಿಂದ ಬದುಕುವ ಅಧಿಕಾರಿಗಳ ಧನವನ್ನು ಕಿತ್ತುಕೊಂಡು ಅವರನ್ನು ದೇಶದಿಂದ ಹೊರಗೆ ಕಳಿಸಬೇಕೆಂದು ಆ ಸ್ಮೃತಿ ರಾಜನಿಗೆ ಹೇಳುತ್ತದೆ. ಇದನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಉತ್ಸಾಹದಿಂದ ಹೇಳಿದ್ದೇನೆ. ಈಗ ನೋಡಿದರೆ, ತೆಗೆದುಕೊಂಡವರು ಊರಲ್ಲೇ ಉಳಿದರು, ಕೊಟ್ಟ ನಾನೇ ದೇಶ ಬಿಟ್ಟು ಹೊರಟೆ.

ಆ ದೇಶದ ಹೆಸರೂ ಬೇಡ. ಸ್ವಾಹಿಲಿ ಆಡುವ ನಾಡು ಎಂದರೆ ಸಾಕು. ಬಂದ ಮರುದಿನವೇ ಭಾವ ನನಗೆ ಪಾಠ ಹೇಳಿದ: “ಇಲ್ಲಿ ರಸ್ತೆಯೊಳಗ ಪೊಲೀಸರು ನಿಲ್ಲಸ್ತಾರ. ನಮ್ಮ ಮೋತಿ ನೋಡಿದರ ಜರೂರ ನಿಲ್ಲಸ್ತಾರ. ಅವಸರ ಮಾಡಬ್ಯಾಡ್ರಿ. ಮೊದಲ ಹಬಾರಿ ಅಂತ ಕೇಳ್ರಿ.” ಹಬಾರಿ ಎಂದರೆ ಏನು ಸಮಾಚಾರ ಎಂದು. ನಮ್ಮ ‘ಖಬರು’ ಇದೆಯಲ್ಲ, ಅದರದೇ ದಾಯಾದಿ. ಅಲ್ಲಿ ಲಂಚಕ್ಕೆ ‘ಕಿಟು ಕಿಡೊಗೊ’ ಎನ್ನುತ್ತಾರೆ, ಏನೋ ಒಂಚೂರು ಎಂದು ಅರ್ಥ. ಇನ್ನೊಂದು ಹೆಸರು ‘ಚಾಯ್’. ಇದನ್ನು ಕೇಳಿ ನನಗೆ ನಗೆ ತಡೆಯಲಿಲ್ಲ. ಇಷ್ಟು ದೂರ ಸಮುದ್ರ ದಾಟಿ ಬಂದರೂ ಅದೇ ಚಹಾ!

ಭಾವನ ಉಪಾಯಗಳು ಸರಳವಾಗಿದ್ದವು. ಕಾರಿನಲ್ಲಿ ಕೆಂಪು ತ್ರಿಕೋನವೂ ಬೆಂಕಿ ಆರಿಸುವ ಡಬ್ಬಿಯೂ ಇರಬೇಕು, ವೇಗ ಮೀರಬಾರದು, ಪಾಸ್‌ಪೋರ್ಟು ಬಳಿಯಲ್ಲೇ ಇರಬೇಕು. ತಪ್ಪು ಇದ್ದರೆ ದಂಡ ಕಟ್ಟಿ ರಸೀದಿ ಕೇಳಬೇಕು. ಇಲ್ಲದಿದ್ದರೆ, ಠಾಣೆಗೆ ಹೋಗೋಣ ಎಂದು ನಗುತ್ತ ಕೂತುಬಿಡಬೇಕು. ದನಿ ಏರಿಸಲೇಬಾರದು. “ವ್ಯಾಳ್ಯಾ ಇದ್ದವನ ಕಡಿಂದ ಯಾರೂ ರೊಕ್ಕ ಕೀಳಂಗಿಲ್ಲ” ಎಂದ. ಈ ಮಾತು ಮನಸ್ಸಿಗೆ ನಾಟಿತು. ನಾನು ಊರಿನಲ್ಲಿ ಕೊಟ್ಟ 500 ರೂಪಾಯಿ ನನ್ನ ಆತುರದ ಬೆಲೆಯಲ್ಲದೆ ಇನ್ನೇನು?

ಒಂದು ದಿನ ಪೇಟೆಗೆ ಹೋಗಬೇಕಾಗಿ ಬಂತು. ಭಾವನಿಗೆ ರಜೆ ಸಿಗಲಿಲ್ಲ. ಬಾಡಿಗೆ ಕಾರಿನಲ್ಲಿ ನನ್ನೊಬ್ಬನನ್ನೇ ಕಳಿಸಿದ. ಚಾಲಕ ಅಲ್ಲಿಯವನೇ, ಐವತ್ತರ ಆಸುಪಾಸಿನವನು, ಮಿತಭಾಷಿ. ಅರ್ಧ ದಾರಿಯಲ್ಲಿ ಬಿಳಿಯ ಉಡುಪಿನ ಪೊಲೀಸನೊಬ್ಬ ಕೈ ತೋರಿಸಿದ. ತ್ರಿಕೋನ ಇತ್ತು, ಡಬ್ಬಿ ಇತ್ತು. ಟೈರನ್ನು ಒದ್ದು ನೋಡಿದ, ಅದೂ ಇತ್ತು! ಕೊನೆಗೆ ನನ್ನ ಪಾಸ್‌ಪೋರ್ಟು ಕೇಳಿದ. ನಾನು, ಇಷ್ಟು ಪಾಠ ಕೇಳಿಯೂ, ಅದನ್ನು ತಂಗಿಯ ಮನೆಯ ಕಪಾಟಿನಲ್ಲಿಟ್ಟು ನಕಲನ್ನು ಮಾತ್ರ ತಂದಿದ್ದೆ. ನಕಲು ನಡೆಯದೆಂದ. ಸ್ವಲ್ಪ ಹೊತ್ತಿನ ಮೇಲೆ, ಬಿಸಿಲು ಬಹಳ, ಚಾಯ್ ಕುಡಿಯಬೇಕೆನಿಸುತ್ತದೆ ಎಂದ.

ಊರಿನಲ್ಲಿ ಕಳೆದುಕೊಂಡ ಮಾನವನ್ನು ಇಲ್ಲಿ ಮರಳಿ ಪಡೆಯಬೇಕೆಂದು ನನ್ನೊಳಗಿನ ಮೇಷ್ಟರು ಎದ್ದು ನಿಂತರು. ನನಗೆ ಬರುವ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ, ದಂಡವಾದರೆ ಕಟ್ಟುತ್ತೇನೆ, ರಸೀದಿ ಕೊಡಿ, ಠಾಣೆಗೆ ಬೇಕಾದರೂ ನಡೆಯಿರಿ ಎಂದೆ. ಅವನು ಕೋಪಿಸಿಕೊಳ್ಳಲಿಲ್ಲ. ಮರದ ನೆರಳಿನಲ್ಲಿದ್ದ ಕುರ್ಚಿಯನ್ನು ನನಗೇ ಬಿಟ್ಟುಕೊಟ್ಟ. ಮುಕ್ಕಾಲು ಗಂಟೆ ಕೂತೆ. ಚಾಲಕ ಬಿಸಿಲಿನಲ್ಲಿ ನಿಂತಿದ್ದ. ಅವನ ಲೈಸೆನ್ಸು ಪೊಲೀಸನ ಜೇಬಿನಲ್ಲಿತ್ತು. ಅವರಿಬ್ಬರೂ ಕಾರಿನ ಹಿಂದೆ ಹೋಗಿ ಏನೋ ಮಾತಾಡಿ ಬಂದರು. ಪೊಲೀಸ ನನ್ನ ಕೈ ಕುಲುಕಿ, ಹೋಗಿಬನ್ನಿ ಎಂದ.

ಗೆದ್ದೆನೆಂದುಕೊಂಡೆ. ರಾತ್ರಿ ಊಟಕ್ಕೆ ಕೂತಾಗ ತಂಗಿಯ ಮಕ್ಕಳಿಗೆ ಅಭಿನಯಸಹಿತ ಆ ಕಥೆಯನ್ನು ಹೇಳಿದೆ. ಎರಡು ವಾರ ಅದೇ ಹೆಮ್ಮೆಯಲ್ಲಿ ತಿರುಗಾಡಿದೆ.

ಹಿಂದಿರುಗುವ ದಿನ ವಿಮಾನ ನಿಲ್ದಾಣಕ್ಕೆ ಬಿಡಲು ಅದೇ ಚಾಲಕ ಬಂದ. ದಾರಿಯಲ್ಲಿ ಅವನೂ ಭಾವನೂ ಸ್ವಾಹಿಲಿಯಲ್ಲಿ ಮಾತಾಡುತ್ತಿದ್ದರು. ಭಾವನ ಮುಖ ಸಪ್ಪಗಾಯಿತು. ನಾನು ಒತ್ತಾಯಿಸಿದ ಮೇಲೆ ಹೇಳಿದ. ಅಂದು ಕಾರಿನ ಹಿಂದೆ ಚಾಲಕನೇ ತನ್ನ ಜೇಬಿನಿಂದ ದುಡ್ಡು ಕೊಟ್ಟಿದ್ದ. ನನ್ನಿಂದ ಕೇಳಬಹುದಾಗಿದ್ದುದಕ್ಕಿಂತ ಅದು ಹೆಚ್ಚೇ ಇತ್ತಂತೆ, ಏಕೆಂದರೆ ಸಾಹೇಬರು ರಸೀದಿಯ ಮಾತೆತ್ತಿ ಪೊಲೀಸನ ಮನಸ್ಸು ನೋಯಿಸಿದ್ದರು! ಅವನು ದಿನಕ್ಕೆ ಎರಡು ಸಲ ಆ ರಸ್ತೆಯಲ್ಲಿ ಓಡಾಡುವವನು. ಠಾಣೆಗೆ ನಡೆಯಿರಿ ಎನ್ನಲು ನನಗೆ ರಜೆ ಇತ್ತು, ಹಿಂತಿರುಗಲು ಟಿಕೆಟ್ಟು ಇತ್ತು. ಅವನಿಗೆ ಎರಡೂ ಇರಲಿಲ್ಲ. ನನ್ನಲ್ಲಿ ಉಳಿದಿದ್ದ ಆ ದೇಶದ ನೋಟುಗಳನ್ನೆಲ್ಲ ಅವನ ಕೈಗೆ ಹಾಕಿದೆ. ಎಣಿಸಿ, ತನಗೆ ಬರಬೇಕಾದಷ್ಟನ್ನೇ ಇಟ್ಟುಕೊಂಡು, ಮಿಕ್ಕಿದ್ದನ್ನು ಮರಳಿಸಿದ. ಅವನು ಬೈದಿದ್ದರೆ ಚೆನ್ನಾಗಿತ್ತು.

ನಾನು ಊರಿಗೆ ಬಂದ ಮರುವರ್ಷ, 2018ರಲ್ಲಿ, ಭ್ರಷ್ಟಾಚಾರ ತಡೆಯುವ 1988ರ ಕಾನೂನಿಗೆ ತಿದ್ದುಪಡಿ ಬಂತು. ಲಂಚ ಕೊಡುವವನೂ ನೇರವಾಗಿ ಅಪರಾಧಿ, ಏಳು ವರ್ಷದವರೆಗೂ ಸೆರೆಯಾಗಬಹುದು. ಬಲವಂತಕ್ಕೆ ಕೊಟ್ಟವನು ಏಳು ದಿನದೊಳಗೆ ದೂರು ಕೊಟ್ಟರೆ ಬಿಡುಗಡೆಯುಂಟು. ದೂರು ಕೇಳುವ ಬಾಗಿಲು ನಮ್ಮ ರಾಜ್ಯದಲ್ಲಿ ಲೋಕಾಯುಕ್ತದಿಂದ 2016ರಲ್ಲಿ ಬೇರೊಂದು ದಳಕ್ಕೆ ಹೋಗಿ, 2022ರಲ್ಲಿ ಹೈಕೋರ್ಟಿನ ತೀರ್ಪಿನಿಂದ ಲೋಕಾಯುಕ್ತಕ್ಕೇ ಮರಳಿತು. ಕಾನೂನು ಓದಿದಾಗ ನನ್ನ 500 ರೂಪಾಯಿಯ ನೆನಪು ಬಂತು. ನನ್ನನ್ನು ಯಾರೂ ಬಲವಂತ ಮಾಡಿರಲಿಲ್ಲ. ‘ಏನರ’ ಎಂದಿದ್ದರು, ಅಷ್ಟೆ.

ಪರದೇಶಿಗಳು ನಮ್ಮಲ್ಲಿಯೂ ಇದ್ದಾರೆ. ಕಲ್ಲು ಕೊರೆಯುವುದಕ್ಕೆ, ಸಿಮೆಂಟು ಹೊರುವುದಕ್ಕೆ ದೂರದ ರಾಜ್ಯಗಳಿಂದ ಬಂದ ಹುಡುಗರು. ಹಿಂದೊಮ್ಮೆ ರಾತ್ರಿ ನಮ್ಮ ಸೀಮೆಯ ಒಂದು ಬಸ್ ನಿಲ್ದಾಣದಲ್ಲಿ ಅಂಥ ಐದಾರು ಮಂದಿಯನ್ನು ಸಮವಸ್ತ್ರದವರೊಬ್ಬರು ಗೋಡೆಯ ಪಕ್ಕಕ್ಕೆ ಕರೆದು ಗಂಟುಮೂಟೆ ಬಿಚ್ಚಿಸುತ್ತಿದ್ದರು. ಬಿಚ್ಚಿದ ಗಂಟಿನಲ್ಲಿ ಅವಲಕ್ಕಿ, ಒಂದು ಸ್ವೆಟರು. ಒಬ್ಬ ಹುಡುಗನ ಕೈ ಜೇಬಿಗಿಳಿಯುತ್ತಿತ್ತು. ಆ ಕೈಯ ಗುರುತು ನನಗಿತ್ತು. ಹತ್ತಿರ ಹೋಗಿ ಹುಡುಗರನ್ನು ಹಿಂದಿಯಲ್ಲಿ ಊರುಕೇರಿ ವಿಚಾರಿಸಿದೆ. ಸಮವಸ್ತ್ರದವರಿಗೆ ನಮಸ್ಕಾರ ಮಾಡಿದೆ. ಅವರು ನನ್ನನ್ನು ಒಂದು ಸಲ ನೋಡಿ ಅತ್ತ ಸರಿದರು.

ಅಷ್ಟರಲ್ಲಿ ನನ್ನ ಬಸ್ಸು ಬಂತು. ಹುಡುಗರ ಮುಖದಲ್ಲಿ ಕೃತಜ್ಞತೆಯೇನೂ ಕಾಣಲಿಲ್ಲ, ಹೆದರಿಕೆಯೇ ಕಂಡಿತು. “ನೀವು ಹೋಗಿಬಿಡ್ತೀರಿ” ಎಂದು ಒಬ್ಬ ಹಿಂದಿಯಲ್ಲಿ ಮೆಲ್ಲಗೆ ಅಂದ. ಬಸ್ಸನ್ನು ಬಿಟ್ಟುಬಿಟ್ಟೆ. ಅವರನ್ನು ಕರೆದೊಯ್ಯುವ ಟೆಂಪೊ ಬರಲು ಒಂದೂವರೆ ಗಂಟೆ ಹಿಡಿಯಿತು. ಅಲ್ಲಿಯವರೆಗೆ ಅವರೊಡನೆಯೇ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ಮನೆ ಸೇರಿದಾಗ ಸರಿರಾತ್ರಿ. ತಡವೇಕೆಂದು ಹೆಂಡತಿ ಕೇಳಿದಳು. ಈ ಸಲ ಕಥೆ ಹೇಳುವ ಉತ್ಸಾಹ ಬರಲಿಲ್ಲ.

ಪಾಸ್‌ಪೋರ್ಟಿನ ಹತ್ತು ವರ್ಷದ ಅವಧಿ ಮುಗಿಯುತ್ತ ಬಂದಿದೆ. ಮತ್ತೆ ಅರ್ಜಿ ಹಾಕಬೇಕು, ಮತ್ತೆ ಯಾರಾದರೂ ಪರಿಶೀಲನೆಗೆ ಬಂದಾರು. ಕುಡಿಯುವ ಚಹಾ ಇನ್ನೊಂದು ಲೋಟ ಬೇಕಾದರೂ ಮಾಡಿಕೊಡುತ್ತೇನೆಂದು ಹೆಂಡತಿ ಹೇಳಿದ್ದಾಳೆ.