ಕರುವಿನ ಪಾಲು

ಮರಿಗೆ ಉಣಿಸುವ ಕ್ರಮ ಎಲ್ಲ ಪ್ರಾಣಿಗಳಲ್ಲಿಯೂ ಒಂದೇ ತೆರನಾದುದಲ್ಲ. ಮರಿಯ ಬಾಳಿಗೆ ಒದಗಬಹುದಾದ ಅಪಾಯವನ್ನು ಮೊದಲೇ ಅರಿತಂತೆ ತಾಯಿಯ ಹಾಲು ಅಣಿಯಾಗಿರುತ್ತದೆ.

ಬಿಲದಲ್ಲಿ ಮರಿ ಹಾಕುವ ಮೊಲವು ದಿನಕ್ಕೊಮ್ಮೆ ಮಾತ್ರ ಮರಿಗಳ ಬಳಿಗೆ ಬಂದು, ಕೆಲವೇ ನಿಮಿಷ ಹಾಲೂಡಿ ಹೊರಟುಹೋಗುತ್ತದೆ. ನೋಡಿದವರಿಗೆ ಇದು ನಿಷ್ಕರುಣೆಯೆಂದು ತೋರಬಹುದು. ಆದರೆ ತಾಯಿ ಅಲ್ಲಿಯೇ ಸುಳಿದಾಡುತ್ತಿದ್ದರೆ ವೈರಿಗೆ ಬಿಲದ ಗುರುತು ಸಿಕ್ಕೀತು. ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ಹೂಡೆಡ್ ಸೀಲ್ ಎಂಬ ಪ್ರಾಣಿ ತೇಲುವ ಹಿಮದ ಮೇಲೆ ಮರಿ ಹಾಕುತ್ತದೆ. ಆ ಹಿಮ ಯಾವ ಗಳಿಗೆಯಲ್ಲಿ ಒಡೆದೀತೋ ಹೇಳಲಾಗದು. ಆದುದರಿಂದ ಸುಮಾರು 4 ದಿನಗಳಲ್ಲಿಯೇ ಮೊಲೆಯುಣಿಸಿ ಮುಗಿಸುತ್ತದೆ. ಆ ಹಾಲಿನ ಅರ್ಧಕ್ಕಿಂತ ಹೆಚ್ಚು ಭಾಗ ಕೊಬ್ಬೇ. ಅಷ್ಟರಲ್ಲಿ ಮರಿಯ ತೂಕ ಇಮ್ಮಡಿಯಾಗಿರುತ್ತದೆ. ಆಸ್ಟ್ರೇಲಿಯದ ಕಾಂಗರೂ ಒಂದು ಮೊಲೆಯಿಂದ ಚೀಲದೊಳಗಿನ ಎಳೆಮರಿಗೆ ತೆಳುಹಾಲನ್ನೂ, ಇನ್ನೊಂದರಿಂದ ಹೊರಗೆ ಜಿಗಿದಾಡುವ ಮರಿಗೆ ಗಟ್ಟಿಹಾಲನ್ನೂ ಏಕಕಾಲದಲ್ಲಿ ಕೊಡಬಲ್ಲುದು.

ಉಣಿಸುವ ಹೊಣೆ ತಾಯಿಯದು ಮಾತ್ರವೆಂದು ತಿಳಿಯಬೇಕಿಲ್ಲ. ಪಾರಿವಾಳದ ಗಂಡು ಹೆಣ್ಣುಗಳೆರಡೂ ತಮ್ಮ ಕೊರಳಿನ ಮೇವಿನ ಚೀಲದಲ್ಲಿ ಹಾಲಿನಂಥ ಆಹಾರವನ್ನು ತಯಾರಿಸಿ ಮರಿಗೆ ಗುಟುಕು ಕೊಡುತ್ತವೆ. ದಾಂಡೇಲಿಯ ಕಾಡಿನಲ್ಲಿ ಮಂಗಟ್ಟೆಯ ಹೆಣ್ಣು ಮರದ ಪೊಟರೆಯೊಳಗೆ ಸೇರಿ ಬಾಯನ್ನು ಮುಚ್ಚಿಕೊಳ್ಳುತ್ತದೆ. ಉಳಿದ ಕಿರಿದಾದ ಸೀಳಿನಿಂದ ಗಂಡು ಹಕ್ಕಿ ಹಣ್ಣುಗಳನ್ನು ತಂದು ತಂದು ಒಳಗಿನ ಜೀವಗಳನ್ನು ಸಾಕುತ್ತದೆ.

ಇಲ್ಲೆಲ್ಲ ಉಣಿಸುವ ಜೀವಕ್ಕೂ ಮರಿಗೂ ನಡುವೆ ಮೂರನೆಯವರಿಲ್ಲ. ಆಕಳ ಕೊಟ್ಟಿಗೆಯಲ್ಲಾದರೋ ಮನುಷ್ಯನಿದ್ದಾನೆ.

ಆಕಳ ಗರ್ಭದಲ್ಲಿರುವಾಗ ತಾಯಿಯ ರೋಗನಿರೋಧಕ ಶಕ್ತಿ ಕರುವಿಗೆ ಇಳಿದು ಬರುವುದಿಲ್ಲ. ಅದು ದೊರೆಯುವುದು ಈದ ಮೇಲಿನ ಗಿಣ್ಣದ ಹಾಲಿನಿಂದ. ಅದನ್ನು ಹೀರಿಕೊಳ್ಳುವ ಸಾಮರ್ಥ್ಯವಾದರೂ ಕರುವಿನ ಕರುಳಿಗೆ ಬಹುಕಾಲ ಉಳಿಯದು. ಗಂಟೆ ಗಂಟೆಗೂ ಕುಂದುತ್ತ, 24 ಗಂಟೆಗಳಲ್ಲಿ ಬಹುಮಟ್ಟಿಗೆ ಮುಗಿದುಹೋಗುತ್ತದೆ. ಬೆಲ್ಲ, ಏಲಕ್ಕಿ ಬೆರೆಸಿ ಗಿಣ್ಣ ಕಾಸಿ ನೆರೆಮನೆಗೂ ಹಂಚುವುದು ಹಳ್ಳಿಯ ಸಂಭ್ರಮ. ಕರು ಹೊಟ್ಟೆ ತುಂಬ ಕುಡಿದ ಮೇಲೆ ಈ ಸಂಭ್ರಮ ನಡೆದರೆ ಯಾರೂ ಆಕ್ಷೇಪಿಸಲಾರರು. ಅದಕ್ಕೆ ಮೊದಲೇ ಚೊಂಬು ತುಂಬಿದರೆ, ರೋಗ ಬಂದಾಗ ಕರುವಿಗೆ ರಕ್ಷಣೆಯೇ ಇರದು. ಹಾಗೆ ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿ, ತಾಯಿಯ ಮುಂದೆ ನಿಲ್ಲಿಸಿ ಹಾಲು ಕರೆಯುವುದೂ ಉಂಟು. ಆಕಳು ಆ ತೊಗಲನ್ನು ನೆಕ್ಕುತ್ತ ಹಾಲು ಸೊರೆಬಿಡುತ್ತದೆ.

ಮನುಷ್ಯನು ತನ್ನ ಕೂಸಿನ ವಿಷಯದಲ್ಲಿಯೂ ಇದೇ ತಪ್ಪನ್ನು ಮಾಡಿದ್ದಾನೆ. ಬಾಣಂತಿಯ ಮೊದಲ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವ ರೂಢಿ ಅನೇಕ ಮನೆಗಳಲ್ಲಿತ್ತು. ಹುಟ್ಟಿದ 1 ಗಂಟೆಯೊಳಗಾಗಿ ಕೂಸಿಗೆ ಮೊಲೆಯೂಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೊಲಕ್ಕೂ ಸೀಲಿಗೂ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಕಲಿಯಬೇಕಾದವನು ಚೊಂಬು ಹಿಡಿದು ಕೊಟ್ಟಿಗೆಗೆ ಹೋಗುವವನು. ಅವನು ಮೊದಲು ಕರುವಿನ ಕಣ್ಣಿಯನ್ನು ಬಿಚ್ಚಲಿ.